ಅರ್ಧಾಯು 8 ದಿನ ಅಂದರೆ 16ನೇ ದಿನಕ್ಕೆ ಪೂರ್ತಿ ಖಾಲಿಯಾ?

ಫಿಸಿಕ್ಸ್ ಮೇಷ್ಟ್ರು, ತುಮಕೂರು

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಮಕ್ಕಳಿಗೆ ರೇಡಿಯೋಆಕ್ಟಿವಿಟಿ ಪಾಠ ಶುರು ಮಾಡುವ ಮುಂಚೆ ಒಂದು ಸಣ್ಣ ಟೆಸ್ಟ್ ಕೊಟ್ಟಿದ್ದೆ. ಮಾರ್ಕ್ಸಿಗಲ್ಲ. ತಲೆಯಲ್ಲಿ ಮೊದಲೇ ಏನು ಕೂತಿದೆ ಅಂತ ನೋಡೋಣ ಅನ್ನಿಸಿತು. ಮೊದಲ ಪ್ರಶ್ನೆ: ವಿಕಿರಣ ಸೂಸುವ ಅಯೋಡಿನ್-131ರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಸಿಡಿಯಲು ಬೇಕಾದ ಕಾಲ, 8 ದಿನ. ಅದು ಪೂರ್ತಿ ಖಾಲಿಯಾಗಲು ಎಷ್ಟು ದಿನ ಬೇಕು? 43 ಮಕ್ಕಳಲ್ಲಿ 26 ಜನ 16 ಎಂದು ಬರೆದಿದ್ದಾರೆ. ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದವರೂ ಅದರಲ್ಲಿದ್ದಾರೆ. ಸೂತ್ರ ಕೊಟ್ಟು ಲೆಕ್ಕ ಮಾಡಿ ಅಂದರೆ ಮೂರು ಅರ್ಧಾಯು ಕಳೆದ ಮೇಲೆ ಎಂಟನೇ ಒಂದು ಭಾಗ ಎಂದು ಸರಿಯಾಗೇ ಮಾಡುತ್ತಾರೆ. ಮಾತಿನಲ್ಲಿ ಕೇಳಿದರೆ ಹದಿನಾರು.

ನನಗೆ ಅನುಮಾನ ನಮ್ಮ ಪದಗಳ ಮೇಲೆ. ನೂರು ವರ್ಷ ಆಯಸ್ಸು ಅಂದರೆ ಐವತ್ತಕ್ಕೆ ಅರ್ಧ ಮುಗಿಯಿತು. ಹಾಗಾದರೆ ಅರ್ಧಾಯು 8 ಇದ್ದರೆ ಪೂರ್ಣಾಯು 16 ಅಲ್ವಾ? ಮಗು ಕನ್ನಡವನ್ನು ಸರಿಯಾಗೇ ಓದಿಕೊಂಡಿದೆ. ಇನ್ನು ಇಂಗ್ಲಿಷಿನ ಡಿಕೇಗೆ ನಾವು ಹೇಳುವ 'ಕ್ಷಯ'. ಒಬ್ಬ ಹುಡುಗ "ಯುರೇನಿಯಂ ಕ್ಷಯವಾಗಿ ಕೊನೆಗೆ ಏನೂ ಉಳಿಯುವುದಿಲ್ಲ" ಎಂದು ಬರೆದಿದ್ದಾನೆ. ಇನ್ನೊಬ್ಬಳು ಅದು ಹತ್ತಿರ ಇದ್ದವರಿಗೂ ಹರಡುತ್ತದೆ ಎಂದು ಸೇರಿಸಿದ್ದಾಳೆ. ಕ್ಷಯರೋಗ ನೆನಪಾಗಿರಬೇಕು!

ನಿಮ್ಮ ಕ್ಲಾಸಿನಲ್ಲಿ, ಮನೆಯಲ್ಲಿ ಇಂಥವು ಏನೇನು ಸಿಕ್ಕಿವೆ? ಹೇಗೆ ಬಿಡಿಸಿ ಹೇಳಿದಿರಿ?

ವಿಜ್ಞಾನ ಟೀಚರ್, ಹಾವೇರಿ

ಹುಣಸೆ ಬೀಜ ಹಾಕಿ ನೋಡಿ ಸರ್. ಚೌಕಾಬಾರ ಆಡಲು ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡುತ್ತೇವಲ್ಲ, ಅದೇ. ಹೋದ ವರ್ಷ ಮಕ್ಕಳೇ ಕೂತು 120 ಬೀಜ ಉಜ್ಜಿದರು. ಮೊರದಲ್ಲಿ ಹಾಕಿ ಅಲ್ಲಾಡಿಸಿ ನೆಲಕ್ಕೆ ಚೆಲ್ಲುವುದು. ಬಿಳಿ ಮೇಲೆ ಬಂದಿದ್ದೆಲ್ಲ ಸಿಡಿದವು ಎಂದು ಲೆಕ್ಕ, ಬದಿಗೆ ತೆಗೆದಿಡುವುದು. ಉಳಿದಿದ್ದನ್ನು ಮತ್ತೆ ಚೆಲ್ಲುವುದು. ಬೋರ್ಡ್ ಮೇಲೆ ಬಿದ್ದ ಅಂಕಿ ಇನ್ನೂ ನನ್ನ ಡೈರಿಯಲ್ಲಿದೆ: 120, 66, 37, 19, 11, 6, 4, 4, 1.

ಎರಡು ಸಲ ಚೆಲ್ಲಿದ ಮೇಲೂ 37 ಉಳಿದಾಗ ಹಿಂದಿನ ಬೆಂಚಿನವನೊಬ್ಬ "ಮೇಡಂ, ಎರಡು ಅರ್ಧ ಸೇರಿದರೆ ಒಂದು ಆಗಬೇಕಿತ್ತಲ್ಲ" ಎಂದ. ನಾನು ಉತ್ತರ ಹೇಳಲೇ ಇಲ್ಲ. ಪಕ್ಕದವಳೇ ಹೇಳಿದಳು: "ಲೇ, ಎರಡನೇ ಸಲ ಅರ್ಧ ಆಗಿದ್ದು 120 ಅಲ್ಲ, 66."

ಫಿಸಿಕ್ಸ್ ಮೇಷ್ಟ್ರು, ತುಮಕೂರು

ಮೇಡಂ, ಚೆನ್ನಾಗಿದೆ. ಒಂದು ಸಣ್ಣ ತಕರಾರು. ಉಜ್ಜಿದ ಹುಣಸೆ ಬೀಜ ನಾಣ್ಯದ ಹಾಗೆ ಸರಿಸಮ ಬೀಳುವುದಿಲ್ಲ. ಒಂದು ಕಡೆ ಚಪ್ಪಟೆ, ಒಂದು ಕಡೆ ಉಬ್ಬು. ನಿಮ್ಮ ಅಂಕಿಯಲ್ಲೂ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಉಳಿಯುತ್ತಿದೆ.

ವಿಜ್ಞಾನ ಟೀಚರ್, ಹಾವೇರಿ

ಅದೇ ಅದರ ಚೆಂದ ಸರ್! ಸರಿಸಮ ಇರಲೇಬೇಕಾಗಿಲ್ಲ. ಪ್ರತಿ ಸಲವೂ ಒಂದೇ ಪಾಲು ಬಿದ್ದರೆ ಸಾಕು, ಅದೇ ಗ್ರಾಫ್ ಬರುತ್ತದೆ. ಬೇರೆ ಬೀಜ ತಂದರೆ ಬೇರೆ ಅರ್ಧಾಯು. ಸೀಸಿಯಂಗೆ 30 ವರ್ಷ, ಅಯೋಡಿನ್-131ಕ್ಕೆ 8 ದಿನ ಯಾಕೆ ಅಂದರೆ ಒಂದೊಂದು ಬೀಜದ ಆಕಾರ ಬೇರೆ ಅಂತ ಹೇಳಿಬಿಡುತ್ತೇನೆ. ಒಂಬತ್ತನೇ ಕ್ಲಾಸಿಗೆ ಅಷ್ಟು ಸಾಕು.

ಎಂಎಸ್ಸಿ ಓದುತ್ತಿರುವವಳು, ಮೈಸೂರು

ಆ 4, 4 ಅನ್ನುವ ಜಾಗ ಬಿಟ್ಟುಬಿಡಬೇಡಿ ಮೇಡಂ, ಚಿನ್ನ ಇರುವುದೇ ಅಲ್ಲಿ. ಏಳು ಸಲ ಬಿದ್ದೂ ಉಳಿದ ಬೀಜ ಎಂಟನೇ ಸಲ ಸಿಡಿಯುವ ಸಾಧ್ಯತೆ ಜಾಸ್ತಿಯಾ? ಇದನ್ನು ನಮ್ಮ ಕ್ಲಾಸಿನಲ್ಲೇ ಕೇಳಿದಾಗ ಅರ್ಧ ಜನ 'ಹೌದು, ಪಾಪ ಅದಕ್ಕೆ ವಯಸ್ಸಾಯಿತು' ಅಂದಿದ್ದೆವು. ಎಂಎಸ್ಸಿ ಕ್ಲಾಸು!

ಮೇಷ್ಟ್ರು ಹೇಳಿದ 'ಆಯಸ್ಸು' ಪದದ ಅಸಲಿ ತೊಂದರೆ 16 ಅನ್ನುವ ಉತ್ತರಕ್ಕಿಂತ ಇದು ಎಂದು ನನಗೆ ಅನ್ನಿಸುತ್ತದೆ. ಸಿಡಿಯುವುದು ಪರಮಾಣುವಿನ ತಿರುಳಾದ ನ್ಯೂಕ್ಲಿಯಸ್ಸು, ಅದಕ್ಕೆ ಮುಪ್ಪಿಲ್ಲ. ಭೂಮಿ ಹುಟ್ಟಿದಾಗಿನಿಂದ, ಅಂದರೆ 450 ಕೋಟಿ ವರ್ಷದಿಂದ, ಕಲ್ಲಿನೊಳಗೆ ಕೂತಿರುವ ಒಂದು ಯುರೇನಿಯಂ-238 ನ್ಯೂಕ್ಲಿಯಸ್ಸು ಇವತ್ತಿಗೂ ಹೊಸದರ ಹಾಗೇ ಇದೆ. ಅದರ ಅರ್ಧಾಯುವೂ ಸುಮಾರು 450 ಕೋಟಿ ವರ್ಷ. ಅಂದರೆ ಆಗ ಇದ್ದದ್ದರಲ್ಲಿ ಅರ್ಧ ಇನ್ನೂ ಇದೆ. ಹಾಗೆ ಇನ್ನೂ ಉಳಿದಿರುವ ಅರ್ಧ ಸವೆದಿದೆಯಾ, ಸುಸ್ತಾಗಿದೆಯಾ ಅಂದರೆ ಇಲ್ಲ. ಮುಂದಿನ ಒಂದು ಸೆಕೆಂಡಿನಲ್ಲಿ ಸಿಡಿಯುವ ಸಾಧ್ಯತೆ ಆವತ್ತು ಎಷ್ಟಿತ್ತೋ ಇವತ್ತೂ ಅಷ್ಟೇ.

ಇನ್ನೊಂದು ಕಿವಿಮಾತು. ಬಿದ್ದ ಬೀಜವನ್ನು ಸುಮ್ನೆ ತೆಗೆದಿಡಬೇಡಿ. ಒಂದು ತೆಗೆದರೆ ಆ ಜಾಗಕ್ಕೆ ಒಂದು ಕಡಲೆಕಾಳು ಇಡಿ. ಇಲ್ಲದಿದ್ದರೆ ಯುರೇನಿಯಂ ಗಾಳಿಯಲ್ಲಿ ಮಾಯವಾಗುತ್ತದೆ ಅನ್ನುವ ತಪ್ಪನ್ನು ನಾವೇ ಕಲಿಸಿದ ಹಾಗೆ. ಯುರೇನಿಯಂ-238 ಹದಿನಾಲ್ಕು ಮೆಟ್ಟಿಲು ಇಳಿದು ಕೊನೆಗೆ ಸೀಸ-206 ಆಗುತ್ತದೆ. ಅರ್ಧಾಯು ಮುಗಿದರೆ ಕಲ್ಲಿನ ತೂಕ ಅರ್ಧ ಆಗುವುದಿಲ್ಲ.

ವಿಜ್ಞಾನ ಟೀಚರ್, ಹಾವೇರಿ

ಕಡಲೆಕಾಳಿನ ಉಪಾಯ ಒಳ್ಳೆಯದಮ್ಮ. ಆದರೆ ನನ್ನ ಮಕ್ಕಳು ಐದನೇ ರೌಂಡಿಗೆ ಸೀಸವನ್ನೆಲ್ಲ ತಿಂದು ಮುಗಿಸುತ್ತಾರೆ.

ರೇಡಿಯಂ ಕಟಿಂಗ್, ದಾವಣಗೆರೆ

ಸರ್, ಮಧ್ಯ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ರೇಡಿಯಂ ಕಟಿಂಗ್ ಅಂಗಡಿ. ನಂಬರ್ ಪ್ಲೇಟು, ಟ್ರ್ಯಾಕ್ಟರ್ ಹಿಂದೆ ಹೆಸರು, ಬೈಕಿಗೆ ಪಟ್ಟಿ, ಇದೇ ಕೆಲಸ. ಹದಿನಾಲ್ಕು ವರ್ಷವಾಯಿತು. ಮಗಳು ಹೈಸ್ಕೂಲಿನಲ್ಲಿ ಓದುತ್ತಾಳೆ. ಮೇಡಂ ಕ್ಯೂರಿ ಪಾಠ ಓದಿ ಬಂದು "ಪಪ್ಪಾ, ಅವರು ರೇಡಿಯಂನಿಂದಲೇ ತೀರಿಕೊಂಡಿದ್ದು, ನೀವು ಅಂಗಡಿ ಮುಚ್ಚಿ" ಎಂದು ಅಳುತ್ತಾಳೆ. ಈ ಸ್ಟಿಕರ್‌ನಲ್ಲಿ ಅದೇ ರೇಡಿಯಂ ಇರುತ್ತದಾ? ಬ್ಲೇಡಿನಲ್ಲಿ ಕತ್ತರಿಸುವಾಗ ಪುಡಿ ಕೈಗೆಲ್ಲ ಹತ್ತುತ್ತದೆ.

ಫಿಸಿಕ್ಸ್ ಮೇಷ್ಟ್ರು, ತುಮಕೂರು

ಅಣ್ಣಾ, ನೀವು ಬಾಯಿ ಹಾಕಿದ್ದೇ ಒಳ್ಳೆಯದಾಯಿತು. ಮಗಳಿಗೆ ಹೇಳಿ, ನಿಮ್ಮ ಅಂಗಡಿಯಲ್ಲಿ ಒಂದು ಚೂರೂ ರೇಡಿಯಂ ಇಲ್ಲ. ಆ ಹಾಳೆಯಲ್ಲಿ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು, ಇಲ್ಲವೇ ಪ್ಲಾಸ್ಟಿಕ್‌ನಲ್ಲಿ ಒತ್ತಿದ ಸಣ್ಣ ಮೂಲೆಗಳು. ಹೆಡ್‌ಲೈಟ್ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುವ ಹಾಗೆ ಮಾಡುತ್ತವೆ, ಅಷ್ಟೇ. ಪರೀಕ್ಷೆ ಸುಲಭ. ರಾತ್ರಿ ಶಟರ್ ಎಳೆದು, ಲೈಟ್ ಆರಿಸಿ, ಮಗಳ ಜೊತೆ ಒಳಗೆ ನಿಂತುಕೊಳ್ಳಿ. ಹಾಳೆ ಹೊಳೆಯುವುದಿಲ್ಲ. ನಿಜವಾದ ರೇಡಿಯಂ ಬಣ್ಣಕ್ಕೆ ಯಾರ ಬೆಳಕೂ ಬೇಡ, ಕತ್ತಲಲ್ಲೇ ಮಿನುಗುತ್ತದೆ.

ಆದರೆ ಮಗಳ ಹೆದರಿಕೆಗೆ ಬೇರು ಇದೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಗಡಿಯಾರದ ಮುಳ್ಳು, ಅಂಕಿಗಳಿಗೆ ನಿಜವಾದ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಬಳಿಯುತ್ತಿದ್ದ ಹುಡುಗಿಯರು ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ರೇಡಿಯಂ ಮೂಳೆಗೆ ಇಳಿಯಿತು, ದವಡೆ ಕರಗಿತು, ಹಲವರು ಸತ್ತರು. ಮಿನುಗುವುದಕ್ಕೆಲ್ಲ ರೇಡಿಯಂ ಎನ್ನುವ ನಮ್ಮ ಬೀದಿಮಾತು ಅಲ್ಲಿಂದಲೇ ಉಳಿದುಕೊಂಡಿರಬೇಕು.

ಇದರಲ್ಲಿ ಒಂದು ತಮಾಷೆ ಇದೆ. ರೇಡಿಯಂ ಸ್ಟಿಕರ್‌ನಲ್ಲಿ ರೇಡಿಯಂ ಇಲ್ಲ. ಆದರೆ ಜಾತ್ರೆ, ಮದುವೆ ಮನೆಗೆ ತರುತ್ತಿದ್ದ ಪೆಟ್ರೋಮ್ಯಾಕ್ಸ್ ಇತ್ತಲ್ಲ, ಅದರ ಮ್ಯಾಂಟಲ್‌ನಲ್ಲಿ ನಿಜವಾಗಿ ವಿಕಿರಣ ಸೂಸುವ ಥೋರಿಯಂ ಇರುತ್ತಿತ್ತು! ಆ ಬಿಳಿ ಬಲೆಯಲ್ಲಿ ಹೆಚ್ಚಿನ ಪಾಲು ಥೋರಿಯಂ ಆಕ್ಸೈಡೇ. ಅದನ್ನು ಬಾಯಲ್ಲಿ ಊದಿ ಬೂದಿ ಹಾರಿಸುತ್ತಿದ್ದೆವು. ಹೆದರಬೇಕಾದ ಕಡೆ ಹೆದರಲಿಲ್ಲ. ನಮ್ಮ ಅಟ್ಟದ ಮೇಲೆ ಇನ್ನೂ ಒಂದು ಪೊಟ್ಟಣ ಇದೆ. ವಿಕಿರಣ ಅಳೆಯುವ ಗೈಗರ್ ಕೌಂಟರ್ ಹತ್ತಿರ ಹಿಡಿದರೆ ಹುರಿಗಡಲೆ ಸಿಡಿದ ಹಾಗೆ ಚಟಪಟ ಅನ್ನುತ್ತದೆ.

ರೇಡಿಯಂ ಕಟಿಂಗ್, ದಾವಣಗೆರೆ

ಶಟರ್ ಎಳೆದು ನೋಡಿದೆವು ಸರ್. ಕಗ್ಗತ್ತಲು. ಮಗಳು ನಕ್ಕಳು. ಅಂಗಡಿ ಬೋರ್ಡಿನ ಹೆಸರು ಮಾತ್ರ ಬದಲಾಯಿಸಲ್ಲ, ಗಿರಾಕಿಗೆ ಬೇರೆ ಏನು ಹೇಳಿದರೂ ಅರ್ಥ ಆಗಲ್ಲ.

ಇಬ್ಬರು ಮಕ್ಕಳ ಅಪ್ಪ, ಶಿವಮೊಗ್ಗ

ಸ್ವಲ್ಪ ಮನೆಯ ವಿಷಯ. ನಮ್ಮ ಚಿಕ್ಕಮ್ಮನಿಗೆ ಹೋದ ವರ್ಷ ಸ್ತನದ ಕ್ಯಾನ್ಸರ್ ಆಗಿ 'ರೇಡಿಯೇಷನ್ ಕೊಟ್ಟರು'. ಆರು ವಾರ ನಮ್ಮ ಮನೆಯಿಂದಲೇ ಆಸ್ಪತ್ರೆಗೆ ಓಡಾಡಿದರು. ಅವರಿಗೆ ಬೇರೆ ತಟ್ಟೆ, ಬೇರೆ ಲೋಟ. ಮಕ್ಕಳನ್ನು ಅವರ ಕೋಣೆಗೆ ಬಿಡಲಿಲ್ಲ. ಯಾರೋ ಪರಿಚಯದವರು ಮೈಯಿಂದ ವಿಕಿರಣ ಬರುತ್ತಿರುತ್ತದೆ ಎಂದಿದ್ದರು. ನಾನು ಎಂಜಿನಿಯರಿಂಗ್ ಓದಿದವನು, ನಾನೂ ನಂಬಿದೆ. ನಾವು ಮಾಡಿದ್ದು ಸರಿಯಾ?

ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಿಷಿಯನ್, ಮಂಗಳೂರು

ಸರ್, ಮೊದಲು ಒಂದು ಮಾತು ಹೇಳಿ. ಮೆಷಿನ್ ಕೆಳಗೆ ಮಲಗಿಸಿ ಕೊಟ್ಟಿದ್ದಾ, ಅಥವಾ ಕುಡಿಯಲು, ನುಂಗಲು ಏನಾದರೂ ಕೊಟ್ಟಿದ್ದರಾ?

ಇಬ್ಬರು ಮಕ್ಕಳ ಅಪ್ಪ, ಶಿವಮೊಗ್ಗ

ಮೆಷಿನ್ ಕೆಳಗೆ. ದಿನಾ ಕೆಲವೇ ನಿಮಿಷ.

ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಿಷಿಯನ್, ಮಂಗಳೂರು

ಹಾಗಿದ್ದರೆ ತಟ್ಟೆ ಬೇರೆ ಮಾಡುವ ಅಗತ್ಯ ಇರಲಿಲ್ಲ. ಮೆಷಿನ್ ಆರಿದ ಕ್ಷಣಕ್ಕೆ ವಿಕಿರಣವೂ ಮುಗಿಯಿತು. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗೂ ಇದೇ ಮಾತು. ಎಂಆರ್‌ಐನಲ್ಲಂತೂ ಈ ಜಾತಿಯ ವಿಕಿರಣವೇ ಇಲ್ಲ, ಅದು ಅಯಸ್ಕಾಂತ ಮತ್ತು ರೇಡಿಯೋ ತರಂಗದ ಕೆಲಸ.

ನಾನು ಮನೆಯವರಿಗೆ ಹೇಳುವುದು ಹೀಗೆ. ಬಿಸಿಲಲ್ಲಿ ನಿಂತವನ ಚರ್ಮ ಸುಡಬಹುದು, ಆದರೆ ಅವನು ಒಳಗೆ ಬಂದ ಮೇಲೆ ಅವನಿಂದ ಬಿಸಿಲು ಬರುವುದಿಲ್ಲ. ಅರಿಸಿನ ಹಾಗಲ್ಲ. ಅರಿಸಿನ ಮೆತ್ತಿದ ಕೈ ಬಾಗಿಲು ಮುಟ್ಟಿದರೆ ಬಾಗಿಲಿಗೆ, ಸೆರಗು ಮುಟ್ಟಿದರೆ ಸೆರಗಿಗೆ. ವಿಕಿರಣ ಬಿಸಿಲು. ವಿಕಿರಣ ಸೂಸುವ ವಸ್ತು ಅರಿಸಿನ. ನಿಮ್ಮ ಚಿಕ್ಕಮ್ಮನಿಗೆ ಆಗಿದ್ದು ಬಿಸಿಲು.

ನಮ್ಮ ವಿಭಾಗದಲ್ಲಿ ಆಗುವುದು ಅರಿಸಿನ. ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131 ನುಂಗಿಸುತ್ತೇವೆ. ಆಗ ವಸ್ತುವೇ ಮೈಯೊಳಗೆ ಹೋಗಿದೆ. ಮೂತ್ರ, ಬೆವರು, ಎಂಜಲಿನಲ್ಲಿ ಬರುತ್ತದೆ. ಅಂಥವರನ್ನು ಪ್ರತ್ಯೇಕ ಕೋಣೆಯಲ್ಲಿ ಇಟ್ಟು, ಮನೆಗೆ ಹೋದ ಮೇಲೂ ಸ್ವಲ್ಪ ದಿನ ಚಿಕ್ಕ ಮಕ್ಕಳು, ಗರ್ಭಿಣಿಯರಿಂದ ದೂರ ಇರಿ ಎನ್ನುತ್ತೇವೆ. ಅಲ್ಲಿ ಬೇರೆ ತಟ್ಟೆ ಸರಿ. ಮೂಳೆ ಸ್ಕ್ಯಾನ್‌ಗೆ ಹಾಕುವ ಟೆಕ್ನೀಷಿಯಂ-99ಎಂ ಕೂಡ ಅರಿಸಿನವೇ, ಆದರೆ ಅದರ ಅರ್ಧಾಯು 6 ಗಂಟೆ. ಮರುದಿನ ಅದೇ ಹೊತ್ತಿಗೆ ಹದಿನಾರನೇ ಒಂದು ಪಾಲು ಉಳಿದಿರುತ್ತದೆ. ಮೂತ್ರದಲ್ಲಿ ಹೋಗಿದ್ದನ್ನೂ ಕಳೆದರೆ ಇನ್ನೂ ಕಡಿಮೆ.

ಆಸ್ಪತ್ರೆ ಒಂದೇ, ಎಲ್ಲದಕ್ಕೂ ನಾವು ಹೇಳುವ ಪದವೂ 'ರೇಡಿಯೇಷನ್' ಒಂದೇ. ಮನೆಯವರಿಗೆ ಹೇಗೆ ಗೊತ್ತಾಗಬೇಕು? ಬಿಡಿಸಿ ಹೇಳಬೇಕಾದವರು ನಾವು, ಎಷ್ಟೋ ಸಲ ಹೇಳುವುದಿಲ್ಲ.

ಎಂಎಸ್ಸಿ ಓದುತ್ತಿರುವವಳು, ಮೈಸೂರು

ಬಿಸಿಲು, ಅರಿಸಿನ ತುಂಬಾ ಹಿಡಿಸಿತು ಸರ್. ಎರಡಕ್ಕೂ ಉದಾಹರಣೆ ನೆನಪಾಯಿತು. ಅಮೆರಿಕಕ್ಕೆ ಹೋಗುವ ನಮ್ಮ ಮಾವಿನಹಣ್ಣಿಗೆ 2007ರಿಂದ ಗಾಮಾ ಕಿರಣ ಹಾಯಿಸಿ ಹುಳು ಕೊಲ್ಲುತ್ತಾರೆ. ಅದು ಬಿಸಿಲು. ಹಣ್ಣು ತಿಂದವರಿಗೆ ಏನೂ ಹತ್ತುವುದಿಲ್ಲ. ಮೇರಿ ಕ್ಯೂರಿಯ ನೋಟ್‌ಬುಕ್‌ಗಳನ್ನು ಪ್ಯಾರಿಸ್‌ನಲ್ಲಿ ಇವತ್ತಿಗೂ ಸೀಸದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅದು ಅರಿಸಿನ. ಕಾಗದಕ್ಕೆ ರೇಡಿಯಂ ಮೆತ್ತಿದೆ, ಅರ್ಧಾಯು 1,600 ವರ್ಷ.

ಬ್ರೆಜಿಲ್‌ನ ಗೋಯಾನಿಯಾದಲ್ಲಿ 1987ರಲ್ಲಿ ಆಗಿದ್ದೂ ಅರಿಸಿನದ ಕಥೆಯೇ. ಪಾಳುಬಿದ್ದ ಕ್ಲಿನಿಕ್ಕಿನ ಮೆಷಿನ್ನನ್ನು ಗುಜರಿಗೆ ಎಂದು ಬಿಚ್ಚಿದರು. ಒಳಗೆ ನೀಲಿಯಾಗಿ ಮಿನುಗುವ ಸೀಸಿಯಂ-137 ಪುಡಿ. ಚೆಂದ ಕಂಡಿತು ಎಂದು ಮನೆಗೆ ತಂದು ಹಂಚಿಕೊಂಡರು. ಒಂದು ಮಗು ಆ ಕೈಯಲ್ಲೇ ಊಟ ಮಾಡಿತು. ಮಗುವೂ ಸೇರಿ ನಾಲ್ಕು ಜನ ಸತ್ತರು. ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ತಪಾಸಣೆ ಮಾಡಿದಾಗ 249 ಜನರಿಗೆ ಪುಡಿ ಹತ್ತಿತ್ತು. ದೆಹಲಿಯ ಮಾಯಾಪುರಿ ಗುಜರಿಯಲ್ಲಿ 2010ರಲ್ಲಿ ಕೋಬಾಲ್ಟ್-60 ಸಿಕ್ಕಿ ಒಬ್ಬರು ತೀರಿಕೊಂಡಿದ್ದನ್ನೂ ಮರೆಯಬಾರದು.

ಒಂದು ತಿದ್ದುಪಡಿ ಮಾತ್ರ. ಬಿಸಿಲು ತಾಗಿದ್ದು ಎಂದೂ ಬಿಸಿಲಾಗುವುದಿಲ್ಲ ಅನ್ನುವ ಮಾತು ನ್ಯೂಟ್ರಾನಿಗೆ ಹೊಂದುವುದಿಲ್ಲ. ನ್ಯೂಟ್ರಾನ್ ಹೊಡೆತಕ್ಕೆ ಸಿಕ್ಕ ಸಾದಾ ಕೋಬಾಲ್ಟ್-59 ತಾನೇ ಕೋಬಾಲ್ಟ್-60 ಆಗಿಬಿಡುತ್ತದೆ. ಹಾಗೇ ಅದನ್ನು ತಯಾರು ಮಾಡುವುದು.

ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಿಷಿಯನ್, ಮಂಗಳೂರು

ಒಪ್ಪಿದೆ ತಂಗಿ. ರೋಗಿಗಳ ಮನೆಯವರಿಗೆ ನ್ಯೂಟ್ರಾನ್ ಹೇಳಲು ಹೋದರೆ ಇನ್ನೊಂದು ತಟ್ಟೆ ಬೇರೆಯಾಗುತ್ತದೆ ಎಂದು ಬಿಟ್ಟಿದ್ದೆ.

ಅಂದ ಹಾಗೆ ಅಣುಸ್ಥಾವರದ ಅವಘಡವಾದಾಗ ಕೊಡುವ ಸಾದಾ ಅಯೋಡಿನ್ ಮಾತ್ರೆಯ ಬಗ್ಗೆಯೂ ಒಂದು. 2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರದ ಅವಘಡ ಆದಾಗ ಚೀನಾದಲ್ಲಿ ಜನ ಅಂಗಡಿಗೆ ಮುಗಿಬಿದ್ದು ಅಯೋಡಿನ್ ಉಪ್ಪು ಕೊಂಡರು. ದೊಡ್ಡವರಿಗೆ ಕೊಡುವ ಮಾತ್ರೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಒಂದು ಕೆಜಿ ಉಪ್ಪಿನಲ್ಲಿ 15ರಿಂದ 30 ಮಿಲಿಗ್ರಾಂ. ಅಂದರೆ ಒಂದು ಮಾತ್ರೆಗೆ ಮೂರು ಕೆಜಿಗಿಂತ ಜಾಸ್ತಿ ಉಪ್ಪು! ಆ ಮಾತ್ರೆಯೂ ಕಾಯುವುದು ಥೈರಾಯ್ಡ್ ಒಂದನ್ನೇ, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ.

ಕದ್ರಾ ಹತ್ತಿರದವ

ನಮ್ಮ ಕಡೆಯವರು ಎಲ್ಲಿ ಹೋದರೂ ಕೇಳುವ ಪ್ರಶ್ನೆ: "ಕೈಗಾ ಒಂದು ದಿನ ಬಾಂಬ್ ಥರ ಸಿಡಿದರೆ?" ಹಾಸ್ಟೆಲಿನಲ್ಲಿ ನನಗೆ ಇಟ್ಟಿದ್ದ ಅಡ್ಡಹೆಸರೇ 'ಬಾಂಬ್'. ಮೇಷ್ಟ್ರೇ, ನೀವೇ ಉತ್ತರ ಹೇಳಿ, ನಾನು ಹೇಳಿದರೆ ಊರಿನ ಪರ ಮಾತಾಡುತ್ತಾನೆ ಅನ್ನುತ್ತಾರೆ.

ಫಿಸಿಕ್ಸ್ ಮೇಷ್ಟ್ರು, ತುಮಕೂರು

ಬಾಂಬಿಗೆ ಯುರೇನಿಯಂ-235 ಸುಮಾರು ಶೇ 90 ಬೇಕು. ಗಣಿಯಿಂದ ಬಂದ ಯುರೇನಿಯಂನಲ್ಲಿ ಅದು ಶೇ 0.7. ಕೈಗಾದ 220 ಮೆಗಾವ್ಯಾಟ್‌ನ ನಾಲ್ಕೂ ಘಟಕಗಳು ಆ ಸಹಜ ಯುರೇನಿಯಂ ಮತ್ತು ಭಾರಜಲದಲ್ಲೇ ನಡೆಯುತ್ತವೆ. ಬಾಂಬ್ ಆಗಲು ಬೇಕಾದ ಸರಕೇ ಅಲ್ಲಿಲ್ಲ. ಹಾಗಂತ ಅಪಾಯವೇ ಇಲ್ಲ ಎಂದಲ್ಲ. 1986ರಲ್ಲಿ ಚೆರ್ನೋಬಿಲ್‌ನಲ್ಲೂ ಬಾಂಬ್ ಸಿಡಿದಿದ್ದಲ್ಲ. ರಿಯಾಕ್ಟರ್ ಕೈತಪ್ಪಿ, ಉಗಿಯ ಒತ್ತಡಕ್ಕೆ ಮುಚ್ಚಳ ಹಾರಿ, ಗ್ರಾಫೈಟ್ ಹೊತ್ತಿ ಉರಿದು ಒಳಗಿದ್ದ 'ಅರಿಸಿನ' ಊರೆಲ್ಲ ಹರಡಿತು. ಬಾಂಬಿನ ಹೆದರಿಕೆಯಲ್ಲಿ ನಾವು ಈ ಅಸಲಿ ಪ್ರಶ್ನೆ ಕೇಳುವುದನ್ನೇ ಬಿಡುತ್ತೇವೆ: ತಂಪು ನೀರು ನಿಂತರೆ ಏನು? ಬಳಸಿದ ಇಂಧನ ಎಲ್ಲಿಡುತ್ತಾರೆ?

ಇಲ್ಲೂ ನಮ್ಮ ಪದಗಳ ಕಾಟ ಇದೆ. ಪಠ್ಯದಲ್ಲಿ ಅಣು ಅಂದರೆ ಮಾಲಿಕ್ಯೂಲ್, ಪರಮಾಣು ಅಂದರೆ ಆಟಂ. ಪೇಪರಿನಲ್ಲಿ ಅಣುಬಾಂಬ್, ಅಣುಸ್ಥಾವರ. ಅಣುಬಾಂಬಿನಲ್ಲಿ ಅಣು ಒಡೆಯುತ್ತದೆ ಎಂದು ಮಗು ಬರೆದರೆ ಏನು ಹೇಳಲಿ? ಅಣು ಒಡೆಯುವುದು ಸೌದೆ ಒಲೆಯಲ್ಲೂ ಆಗುತ್ತದೆ. ಅದಕ್ಕೇ ಎಷ್ಟೋ ಮಕ್ಕಳು ಯುರೇನಿಯಂ 'ಉರಿಯುತ್ತದೆ' ಎಂದು ತಿಳಿದಿದ್ದಾರೆ. ಕುದಿಸಿದರೆ ನೀರಿನ ರೇಡಿಯೋಆಕ್ಟಿವಿಟಿ ಹೋಗುತ್ತದಾ ಎಂದೂ ಕೇಳುತ್ತಾರೆ. ಒಲೆಯ ಬಿಸಿ ಎಲೆಕ್ಟ್ರಾನ್‌ಗಳ ಮಟ್ಟದಲ್ಲೇ ಮುಗಿಯುತ್ತದೆ, ನ್ಯೂಕ್ಲಿಯಸ್ಸಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ.

ಎಂಎಸ್ಸಿ ಓದುತ್ತಿರುವವಳು, ಮೈಸೂರು

ಬೈಂಡಿಂಗ್ ಎನರ್ಜಿ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! ನ್ಯೂಕ್ಲಿಯಸ್ಸಿನೊಳಗೆ ಅದು ತುಂಬಿಕೊಂಡಿರುತ್ತದೆ, ಒಡೆದರೆ ಹೊರಗೆ ಬರುತ್ತದೆ ಎಂದು ನಾನೂ ಬಹಳ ದಿನ ನಂಬಿದ್ದೆ. ಅಜ್ಜಿ ಮನೆಯ ಬಾವಿ ನನ್ನನ್ನು ಸರಿಮಾಡಿತು. ಕೊಡ ಬಾವಿಗೆ ಬಿದ್ದರೆ ಪಾತಾಳಗರಡಿ ಇಳಿಸಿ ಎಳೆಯಬೇಕು. ಎಳೆಯಲು ಬೇಕಾದ ಶ್ರಮವೇ ಬೈಂಡಿಂಗ್ ಎನರ್ಜಿ. ಅದು ಕೊಡದೊಳಗೆ ಇಲ್ಲ, ಕೊಡದ ಮೇಲಿನ ಸಾಲ. ಯುರೇನಿಯಂ ನ್ಯೂಕ್ಲಿಯಸ್ಸಿನೊಳಗಿನ ಒಂದೊಂದು ಕಣವೂ ಸುಮಾರು 7.6 ಎಂಇವಿ (ಶಕ್ತಿಯ ಒಂದು ಅಳತೆ) ಆಳದಲ್ಲಿದೆ. ಎರಡು ಹೋಳಾದರೆ 8.5ರ ಆಳಕ್ಕೆ ಇಳಿಯುತ್ತದೆ. ಇನ್ನಷ್ಟು ಕೆಳಗೆ ಬಿದ್ದಾಗ ಬರುವ ಸದ್ದೇ ನಮಗೆ ಸಿಗುವ ಶಕ್ತಿ, ಒಂದು ವಿದಳನಕ್ಕೆ, ಅಂದರೆ ಒಂದು ನ್ಯೂಕ್ಲಿಯಸ್ಸು ಒಡೆದರೆ, ಸುಮಾರು 200 ಎಂಇವಿ. ಯುರೇನಿಯಂ ಪೂರ್ತಿ ಶಕ್ತಿಯಾಗಿ ಮಾಯವಾಗುತ್ತದೆ ಅನ್ನುವುದೂ ತಪ್ಪು. ಒಂದು ಕೆಜಿ ಪೂರ್ತಿ ವಿದಳನವಾದರೆ ಕಡಿಮೆಯಾಗುವುದು ಒಂದು ಗ್ರಾಂಗಿಂತ ಸ್ವಲ್ಪ ಕಮ್ಮಿ.

ಕದ್ರಾ ಹತ್ತಿರದವ

ನನ್ನದೊಂದು ಸಂಶಯ. ಅರ್ಧಾಯು ಉದ್ದ ಇದ್ದಷ್ಟೂ ಅಪಾಯ ಜಾಸ್ತಿ ಅಲ್ವಾ? ಟಿವಿಯಲ್ಲಿ ಲಕ್ಷಾಂತರ ವರ್ಷ ವಿಷ ಎನ್ನುತ್ತಾರೆ.

ಫಿಸಿಕ್ಸ್ ಮೇಷ್ಟ್ರು, ತುಮಕೂರು

ಉಲ್ಟಾ ಯೋಚಿಸು ತಮ್ಮ. ಉದ್ದ ಅರ್ಧಾಯು ಅಂದರೆ ಜಿಪುಣ, ನಿಧಾನಕ್ಕೆ ಖರ್ಚು ಮಾಡುತ್ತದೆ. ಒಂದು ಗ್ರಾಂ ಯುರೇನಿಯಂ-238ರಲ್ಲಿ ಸೆಕೆಂಡಿಗೆ ಸುಮಾರು 12,400 ನ್ಯೂಕ್ಲಿಯಸ್ಸು ಸಿಡಿಯುತ್ತವೆ. ಒಂದು ಗ್ರಾಂ ರೇಡಿಯಂನಲ್ಲಿ 3,700 ಕೋಟಿ. ತೀರಾ ಚಿಕ್ಕ ಅರ್ಧಾಯುವಿನದು ಬೇಗ ತೀರಿಹೋಗುತ್ತದೆ, ತೀರಾ ಉದ್ದದ್ದು ಸಣ್ಣಗೆ ತೊಟ್ಟಿಕ್ಕುತ್ತದೆ. ಹೆಚ್ಚು ಕಾಡುವುದು ನಡುವಿನದು, 30 ವರ್ಷದ ಸೀಸಿಯಂ-137 ಥರದ್ದು. ಮನುಷ್ಯನ ಒಂದು ಜೀವಮಾನಕ್ಕೆ ಸರಿಯಾಗಿ ಹೊಂದಿಕೊಂಡು ಕೂರುತ್ತದೆ. ಅದರ ಜೊತೆಗೆ ಮೈಯೊಳಗೆ ಹೋದರೆ ಎಲ್ಲಿ ಸೇರುತ್ತದೆ ಅನ್ನುವುದನ್ನೂ ನೋಡಬೇಕು. ನಿನ್ನ ಮೈಯಲ್ಲೂ ಪೊಟ್ಯಾಸಿಯಂ-40 ಇದೆ. 70 ಕೆಜಿ ಮನುಷ್ಯನಲ್ಲಿ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಜಾಸ್ತಿ ಸಿಡಿತ, ಹುಟ್ಟಿದಾಗಿನಿಂದ.

ಇಬ್ಬರು ಮಕ್ಕಳ ಅಪ್ಪ, ಶಿವಮೊಗ್ಗ

ಇದೆಲ್ಲ ಓದಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಬಿಸಿಲು, ಅರಿಸಿನ ಎರಡೂ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ "ಹೋಗಲಿ ಬಿಡು, ಆ ಲೋಟ ಇನ್ನೂ ಇದೆಯಾ ಮನೆಯಲ್ಲಿ?" ಎಂದರು. ಇದೆ. ಬಚ್ಚಲಲ್ಲಿದೆ.

ಫಿಸಿಕ್ಸ್ ಮೇಷ್ಟ್ರು, ತುಮಕೂರು

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಹುಣಸೆ ಬೀಜ ಹಾಕಿದೆ, ಕಡಲೆಕಾಳೂ ಇಟ್ಟೆ. ಹತ್ತು ದಿನ ಬಿಟ್ಟು ಅದೇ ಟೆಸ್ಟ್ ಮತ್ತೆ ಕೊಟ್ಟೆ. 16 ಎಂದವರು ಈಗ 4 ಜನ. ಮೊಬೈಲ್ ಟವರ್‌ನಿಂದ ಗಾಮಾ ಕಿರಣ ಬರುತ್ತದೆ ಎಂದವರು ಹಾಗೇ ಇದ್ದಾರೆ, ಅವರಿಗೆ ಇನ್ನೊಂದು ದಿನ ಬೇಕು. ಪೂರ್ತಿ ಖಾಲಿಯಾಗಲು ಎಷ್ಟು ದಿನ ಎಂಬುದಕ್ಕೆ ಹೆಚ್ಚಿನವರು 'ಅನಂತ' ಎಂದು ಬರೆದರು. ಸೂತ್ರದ ಪ್ರಕಾರ ಸರಿ. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳು ಹೀಗೆ ಬರೆದಿದ್ದಾಳೆ: "ದಿನ ಹೇಳಲು ಆಗುವುದಿಲ್ಲ ಸರ್. ಕೊನೆಯ ಬೀಜ ಯಾವಾಗ ಬಿಳಿ ಬೀಳುತ್ತದೋ ಆವತ್ತು." ಅನಂತಕ್ಕೆ ಒಂದು ಮಾರ್ಕ್ಸ್ ಕೊಟ್ಟೆ, ಇವಳಿಗೆ ಎರಡು.